ಸಹಿ ಉರುಕುಂದಪ್ಪನ ಎರಡು ಪಂಚನಾಮೆ

ದೇವದುರ್ಗದಲ್ಲಿ ಆಗ ಉರುಕುಂದಪ್ಪ ಎಂಬ ಹೆಸರಿನವರು ಏನಿಲ್ಲವೆಂದರೂ ಹದಿನೆಂಟು ಮಂದಿ ಇದ್ದರು. ಸಂತೆಯ ದಿನ ಯಾರಾದರೂ ‘ಲೇ ಉರುಕುಂದಾ’ ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತಿತ್ತು, ಉಳಿದರ್ಧ ತಮ್ಮ ಮಗನನ್ನು ಯಾರು ಬೈದರೆಂದು ಹುಡುಕುತ್ತಿತ್ತು. ಅವರಲ್ಲಿ ಹದಿನೇಳು ಜನರನ್ನು ಓಣಿಯಿಂದಲೋ ಕಸುಬಿನಿಂದಲೋ ಗುರುತಿಸುತ್ತಿದ್ದರು. ಒಬ್ಬನನ್ನು ಮಾತ್ರ ಸಹಿ ಉರುಕುಂದಪ್ಪ ಎನ್ನುತ್ತಿದ್ದರು. ಅವನ ಕಥೆಯನ್ನು ಬರೆಯಬೇಕೆಂದು ಹತ್ತು ಸಲ ಕುಳಿತು ಹತ್ತು ಸಲವೂ ಎದ್ದಿದ್ದೇನೆ. ಕಾರಣ ಮುಂದೆ ತಿಳಿಯುತ್ತದೆ.

ನಾನು ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೆ. ನನ್ನನ್ನು ಮುನ್ಶಿ ಎಂದು ಕರೆಯುತ್ತಿದ್ದರು. ನಿಜಾಮರ ಕಾಲದ ಪದ ಅದು. ನಿಜಾಮರು ಹೋದರೂ ಪದಕ್ಕೆ ಹೋಗಲು ದಾರಿ ಗೊತ್ತಾಗದೆ ನನ್ನ ಹೆಗಲೇರಿ ಕುಳಿತಿತ್ತು. ಅರ್ಜಿಯೊಂದಿಗೆ ಪಂಚನಾಮೆ ಬೇಕಾದರೆ ಅದನ್ನೂ ಬರೆಯುತ್ತಿದ್ದೆ: ಇಂಥ ಜಾಗ ಹೀಗೆ ಹೀಗಿದೆ, ನಾವು ಊರಿನವರು ಕಣ್ಣಾರೆ ಕಂಡಿದ್ದೇವೆ ಎಂದು ಬರೆದು ಊರಿನ ಪಂಚನೊಬ್ಬನ ಸಹಿ ಹಾಕಿಸುವ ಕಾಗದ. ಆ ಪಂಚ ಹೆಚ್ಚಾಗಿ ನಮ್ಮ ಉರುಕುಂದಪ್ಪನೇ.

ಅವನು ಸಹಿ ಮಾಡುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಮೊದಲು ಬಲಗೈಯನ್ನು ಧೋತರಕ್ಕೆ ಒರೆಸಿಕೊಳ್ಳುವನು. ಪೆನ್ನನ್ನು ಕಣ್ಣಿಗೆ ಒತ್ತಿಕೊಳ್ಳುವನು. ಆಮೇಲೆ ನಾಲಿಗೆಯನ್ನು ಒಂದು ಕಡೆಗೆ ಚಾಚಿ ‘ಉ’ಕಾರದ ಸುರುಳಿಗೆ ಕೈ ಹಾಕುವನು. ಆ ಗಳಿಗೆಯಲ್ಲಿ ಅಲ್ಲಾಉದ್ದೀನನ ಹೋಟೆಲಿನಲ್ಲಿ ಒಲೆಯ ಮೇಲೆ ಹಾಲು ಇಟ್ಟರೆ, ಇವನು ಕೊನೆಯ ಒತ್ತಕ್ಷರ ಮುಗಿಸುವ ಹೊತ್ತಿಗೆ ಅದು ಕಾದು, ಆರಿ, ಹೆಪ್ಪುಗಟ್ಟಿ ಮೊಸರಾಗಿರುತ್ತಿತ್ತು. ಸಹಿಯ ಕೆಳಗೆ ಎರಡು ಗೆರೆ, ಗೆರೆಗಳ ನಡುವೆ ಒಂದು ಚುಕ್ಕೆ. ಕೂಲಿ ಮನೆತನದಲ್ಲಿ ಹುಟ್ಟಿದವನ ಅಕ್ಷರ ಅದೆಂದರೆ ಕಚೇರಿಯ ಗುಮಾಸ್ತರೂ ಒಮ್ಮೆ ನೋಡುತ್ತಿದ್ದರು. ಇದಕ್ಕೆ ಅವನು ತೆಗೆದುಕೊಳ್ಳುತ್ತಿದ್ದುದು ಒಂದು ಪ್ಲೇಟು ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ, ಒಂದು ಚಾ.

ಸಹಿಯವನಿಂದ ನಮ್ಮಂಥವರಿಗೊಂದು ಅನುಕೂಲವಿತ್ತು. ಹೆಬ್ಬೆಟ್ಟು ಒತ್ತುವವರಿಗೆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು. ಓದಿ ಹೇಳಿದ್ದೇನೆ ಎಂದು ಕೆಳಗೆ ಬರೆಯಲೂ ಬೇಕು. ಸಹಿ ಬಲ್ಲವನಿಗೆ ಅದೇನೂ ಬೇಡ. ಸಹಿ ಮಾಡಿದನೆಂದರೆ ಓದಿಕೊಂಡ ಎಂದೇ ಅರ್ಥ.

ಉರುಕುಂದಪ್ಪನಿಗೆ ಓದಲು ಬರುತ್ತಿರಲಿಲ್ಲ. ತನ್ನ ಹೆಸರನ್ನು ಅವನು ಬರೆಯುತ್ತಿರಲಿಲ್ಲ, ಚಿತ್ರದಂತೆ ಬಿಡಿಸುತ್ತಿದ್ದ. ಇದು ಊರಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ ಎಂದುಕೊಂಡಿದ್ದೆ. ಎಪ್ಪತ್ನಾಲ್ಕರಲ್ಲಿ ಒಂದು ದಿನ ಜಾಲಹಳ್ಳಿಗೆ ಹೋಗಬೇಕಾದವನು ಬಸ್ಸಿನ ಬೋರ್ಡನ್ನು ಗಂಭೀರವಾಗಿ ನೋಡಿ ಮಾನ್ವಿಯ ಬಸ್ಸು ಹತ್ತಿದ. ಸಂಜೆ ತಿರುಗಿ ಬಂದು, ‘ಮಾನ್ವ್ಯಾಗೂ ಒಂದೀಟು ಕೆಲಸ ಇತ್ತ್ರಿ ಮುನ್ಶಿಯವ್ರ’ ಎಂದ. ಕಾಲಿಗೆ ಕವಿತಾಳದ ಧೂಳು ಮೆತ್ತಿತ್ತು. ಅರ್ಧ ದಾರಿಯಲ್ಲಿಳಿದು ನಡೆದಿದ್ದಾನೆಂದು ತಿಳಿದೆ. ನಕ್ಕೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನನ್ನ ಪಂಚ ಹೋಗುತ್ತಾನಲ್ಲ!

ಅವನ ಅಕ್ಕ ಮೂಕಮ್ಮ. ಹೆಸರಷ್ಟೇ ಹಾಗೆ, ಅವಳು ಹೊಳೆಯ ಈ ದಂಡೆಯಲ್ಲಿ ಮಾತಾಡಿದರೆ ಆ ದಂಡೆಯ ದನ ನಿಂತು ಕೇಳುತ್ತಿದ್ದವು. ತಂದೆತಾಯಿ ಬೇಗ ತೀರಿದ್ದರಿಂದ ತಮ್ಮನನ್ನು ಬೆಳೆಸಿದವಳು ಅವಳೇ. ಜಾಲಹಳ್ಳಿಯಿಂದಾಚೆ ಕೃಷ್ಣಾ ಹೊಳೆಯ ಮೇಲಿರುವ ಬೂದನಗಡ್ಡಿ ಅವರ ಊರು. ಹಿಂಗಾರಿನಲ್ಲಿ ಹೊಳೆ ಹಿಂದೆ ಸರಿದಾಗ ಉಸುಕಿನ ದಂಡೆ ಮೇಲೇಳುತ್ತದೆ. ಅದರಲ್ಲಿ ಮೊಣಕಾಲುದ್ದ ಗುಣಿ ತೋಡಿ, ತಂಪು ಸಿಕ್ಕಲ್ಲಿ ಗೊಬ್ಬರ ಹಾಕಿ, ಕಲ್ಲಂಗಡಿ ಬೀಜ ಊರಿ, ಗಾಳಿಗೆ ಜೋಳದ ದಂಟಿನ ತಡಿಕೆ ಕಟ್ಟಿ, ಕೊಡದಲ್ಲಿ ನೀರು ಹೊತ್ತು ಹಾಕಬೇಕು. ಬೇಸಿಗೆಗೆ ಹಣ್ಣು. ಮೂಕಮ್ಮನ ಹಣ್ಣಿನ ಗಾತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಂಡಿಗೆ ಒಂದು ಹೇರಿದರೆ ಎತ್ತುಗಳು ತಿರುಗಿ ನೋಡುತ್ತಿದ್ದವು, ಎರಡು ಹೇರಿದರೆ ಮಲಗಿಬಿಡುತ್ತಿದ್ದವು.

ಅರ್ಧ ವರ್ಷ ನೀರಿನಲ್ಲಿ ಮುಳುಗಿರುವ ಈ ನೆಲಕ್ಕೆ ಪಟ್ಟಾ ಇಲ್ಲ, ಪಹಣಿ ಇಲ್ಲ. ಪ್ರತಿ ವರ್ಷ ಹೊಳೆ ಗುರುತನ್ನೆಲ್ಲ ಅಳಿಸುತ್ತದೆ. ಪ್ರತಿ ವರ್ಷ ಊರಿನ ಹಿರಿಯರು ಬಂದು ‘ಈ ಬಂಡಿಗಲ್ಲಿಂದ ಆ ಜಾಲಿ ಗಿಡದ ತನಕ ಮೂಕಮ್ಮಂದು’ ಎನ್ನುತ್ತಾರೆ. ಆ ಮಾತೇ ದಾಖಲೆ. ಬೇರೆ ಮನೆಗಳ ಉಸುಕಿನ ಪಟ್ಟಿಗಳು ಬಂಡೆಗಳಾಚೆ, ಕಾಲುದಾರಿಯಲ್ಲಿ ಹೋಗುವಂಥ ಕಡೆ ಇದ್ದವು. ಬಂಡಿ ರಸ್ತೆ ಬಂದು ನೇರ ಹೊಳೆಗೆ ಮುಟ್ಟುವ ಜಾಗ ಮಾತ್ರ ಮೂಕಮ್ಮನದು. ಗಾಲಿಯಿದ್ದವರ ಕಣ್ಣು ಬೀಳುವ ಜಾಗ.

ಮೊದಲು ಕಣ್ಣು ಹಾಕಿದವನು ರಾಯಚೂರಿನಲ್ಲಿ ಲಾಡ್ಜ್ ನಡೆಸುತ್ತಿದ್ದ ಶರಣಯ್ಯ. ಅವನು ಎಂಬತ್ತೊಂದರಲ್ಲಿ ಗೋವಾಕ್ಕೆ ಹೋಗಿ ಸಮುದ್ರ ನೋಡಿ ಬಂದಿದ್ದ. ಉಸುಕಿನ ಮೇಲೆ ಬಟ್ಟೆಯ ಛತ್ರಿ ನೆಟ್ಟು, ಅದರ ಕೆಳಗೆ ಸುಮ್ಮನೆ ಮಲಗಲು ಜನ ದುಡ್ಡು ಕೊಡುತ್ತಾರೆಂಬುದನ್ನು ಕಂಡು ಮೂರು ದಿನ ಊಟ ಬಿಟ್ಟಿದ್ದನಂತೆ. ರಾಯಚೂರಿಗೆ ಸಮುದ್ರವಿಲ್ಲ, ಉಸುಕಂತೂ ಇದೆ, ಬಿಸಿಲು ಎಷ್ಟು ಬೇಕೋ ಅಷ್ಟಿದೆ. ಬೂದನಗಡ್ಡಿಯ ದಂಡೆಯನ್ನು ಸರಕಾರದಿಂದ ಗುತ್ತಿಗೆ ಪಡೆದು ವಿಹಾರಧಾಮ ಮಾಡುತ್ತೇನೆ, ಹೈದರಾಬಾದಿನ ಜನ ಕಾರಿನಲ್ಲಿ ಬರುತ್ತಾರೆ ಎಂದು ನನ್ನ ಪೆಟ್ಟಿಗೆಯ ಮುಂದೆ ಕುಳಿತ.

ನನಗೆ ಹೇಳಬೇಕೇ? ಪೆನ್ನು ತನ್ನಷ್ಟಕ್ಕೆ ಓಡಿತು. ‘ಸದರಿ ದಂಡೆಯು ಅತ್ಯಂತ ರಮಣೀಯವಾಗಿದ್ದು, ಸಂಜೆ ಹೊತ್ತು ಜಿಲ್ಲೆಯ ನಾನಾ ಕಡೆಗಳಿಂದ ಜನ ತಂಡೋಪತಂಡವಾಗಿ ಬಂದು ಆನಂದಿಸುತ್ತಾರೆ. ಇಲ್ಲಿಯ ಉಸುಕು ಕಟ್ಟಡಕ್ಕೆ ಬಾರದು. ಕುಳಿತುಕೊಳ್ಳಲು ಮಾತ್ರ ಯೋಗ್ಯವಾದ ನಯವಾದ ಉಸುಕು. ಅಲ್ಲಲ್ಲಿ ತಾನಾಗಿ ಹುಟ್ಟಿದ ಬಳ್ಳಿಗಳ ಹೊರತು ಯಾರ ಸಾಗುವಳಿಯೂ ಇರುವುದಿಲ್ಲ.’

ಉರುಕುಂದಪ್ಪ ಬಂದ. ಕಾಗದವನ್ನು ಕೈಯಲ್ಲಿ ಹಿಡಿದು, ಸಾಲುಗಳ ಮೇಲೆ ಕಣ್ಣು ಓಡಿಸಿ, ‘ಛಲೋ ಬರದೀರ್ರಿ’ ಎಂದ. ಯಾವ ಊರಿನ ದಂಡೆ ಎಂದು ಕೇಳಲಿಲ್ಲ. ನಾನು ಹೇಳಲಿಲ್ಲ. ಅವನು ನಾಲಿಗೆ ಚಾಚಿ, ಅಕ್ಕನ ಪಟ್ಟಿ ಯಾರದೂ ಅಲ್ಲವೆನ್ನುವ ಕಾಗದದ ಕೆಳಗೆ ಸಹಿ ಹಾಕಿದ. ಶರಣಯ್ಯ ಒಗ್ಗರಣಿಗೆ ಹೇಳಿದ.

ಇಪ್ಪತ್ತು ದಿನಕ್ಕೆ ಮಾನ್ವಿಯ ಅಕ್ಕಿ ಗಿರಣಿಯ ದೊಡ್ಡಪ್ಪ ಬಂದ. ಕಾಲುವೆಯ ನೀರು ಬಂದ ಮೇಲೆ ಮಾನ್ವಿಯಲ್ಲಿ ಭತ್ತ ಬೆಳೆದಷ್ಟೇ ವೇಗದಲ್ಲಿ ಗೋಡೆಗಳೂ ಬೆಳೆಯುತ್ತಿದ್ದವು. ಮಧ್ಯಾಹ್ನ ಮಲಗಿ ಎದ್ದರೆ ಪಕ್ಕದಲ್ಲೊಂದು ಮಾಳಿಗೆ ಮನೆ ಎದ್ದಿರುತ್ತಿತ್ತು. ಅದಕ್ಕೆಲ್ಲ ಉಸುಕು ಬೇಕು. ಅವನಿಗೂ ಅದೇ ದಂಡೆ, ಅದೇ ರಸ್ತೆ ಬೇಕು. ಅವನಿಗೂ ಬರೆದೆ: ‘ಸದರಿ ದಂಡೆಯು ಅತ್ಯಂತ ಭಯಾನಕವಾಗಿದ್ದು, ಮೊಸಳೆಗಳ ಕಾಟದಿಂದ ಹಗಲಿನಲ್ಲಿಯೂ ನರಪಿಳ್ಳೆ ಸುಳಿಯುವುದಿಲ್ಲ. ಉಸುಕು ಮಾತ್ರ ಕಟ್ಟಡಕ್ಕೆ ಉತ್ತಮ. ತಾನಾಗಿ ಹುಟ್ಟಿದ ಬಳ್ಳಿಗಳ ಹೊರತು ಯಾರ ಸಾಗುವಳಿಯೂ ಇರುವುದಿಲ್ಲ.’ ಆ ಕೊನೆಯ ಸಾಲು ನನಗೆ ಎಷ್ಟು ಹಿಡಿಸಿತ್ತೆಂದರೆ ಎರಡನೆಯ ಸಲ ಅದನ್ನು ನೋಡದೆಯೇ ಬರೆದೆ. ಮೂಕಮ್ಮನ ಪಟ್ಟಿ ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಂಟು ಬೇಸಿಗೆ ಅವಳ ಹಣ್ಣು ತಿಂದಿದ್ದೆ. ಇಂಥ ಅರ್ಜಿಗಳು ಮಂಜೂರಾಗಲು ಎರಡು ತಲೆಮಾರು ಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉರುಕುಂದಪ್ಪ ಮತ್ತೆ ಸಹಿ ಹಾಕಿದ. ಇದರಲ್ಲಿ ಕಚೇರಿಯವರ ತಪ್ಪೇನೂ ಇಲ್ಲ. ನಾವು ಕೊಟ್ಟದ್ದನ್ನು ಅವರು ನಂಬಿದರು.

ಒಂದೇ ಜಾಗಕ್ಕೆ ಎರಡು ಅರ್ಜಿ ಎಂದು ಎಂಬತ್ತೆರಡರ ಮಾರ್ಚಿನಲ್ಲಿ ರಾಯಚೂರಿನಿಂದ ಸಾಹೇಬರು ದಂಡೆಗೇ ಬಂದರು. ಬರಹಗಾರನೂ ಪಂಚನೂ ಹಾಜರಿರಬೇಕೆಂದು ಹೇಳಿಕಳಿಸಿದ್ದರು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಉರುಕುಂದಪ್ಪನಿಗೆ ತಿಳಿದದ್ದು ಜಾಲಹಳ್ಳಿಯಲ್ಲಿ ಇಳಿದು ನಾನು ಹೊಳೆಯ ದಾರಿ ಹಿಡಿದಾಗ.

‘ಇದ್ಯಾಕ್ರಿ ನಮ್ಮೂರ ಕಡಿ?’ ಎಂದ.

‘ಪಂಚನಾಮೆ ಇದೇ ದಂಡೀದಪ್ಪಾ’ ಎಂದೆ.

ಅವನು ನಿಂತ. ‘ಯಾವ್ದು? ಶರಣಯ್ಯಂದಾ, ದೊಡ್ಡಪ್ಪಂದಾ?’

‘ಎರಡೂ.’

‘ಅದರಾಗ ನಮ್ಮಕ್ಕಂದು ಏನ್ ಬರದೀರಿ?’

‘ಏನೂ ಬರದಿಲ್ಲ’ ಎಂದೆ. ಅದು ಸುಳ್ಳಲ್ಲ; ಅದೇ ತಪ್ಪು. ಅವನು ಮತ್ತೇನೂ ಕೇಳದೆ ನಡೆದ. ಇನ್ನೊಂದು ಮಾತು ಕೇಳಿದರೆ ಓದಲಿಲ್ಲವೆಂದು ಬಾಯಿಬಿಟ್ಟೇ ಒಪ್ಪಿಕೊಂಡಂತೆ.

ದಂಡೆಯಲ್ಲಿ ಶರಣಯ್ಯ ಬಣ್ಣದ ನಕ್ಷೆ ಬಿಡಿಸಿಕೊಂಡು ನಿಂತಿದ್ದ. ದೊಡ್ಡಪ್ಪ ಖಾಲಿ ಲಾರಿಯನ್ನೇ ತಂದು ನಿಲ್ಲಿಸಿದ್ದ. ನಡುವೆ ಮೂಕಮ್ಮನ ಬಳ್ಳಿಗಳು, ಹಸಿರು ಹಣ್ಣುಗಳು, ಸಾಲಾಗಿ ಕಟ್ಟಿದ ತಡಿಕೆ. ಮೂಕಮ್ಮ ತಡಿಕೆಯ ಬಳಿ ಕೊಡ ಇಟ್ಟುಕೊಂಡು ನಿಂತಿದ್ದಳು. ಬೂದನಗಡ್ಡಿಯ ಹೆಂಗಸರು ಗಂಡಸರು ನೆರೆದಿದ್ದರು.

‘ಏನ್ರೀ ದೊಡ್ಡಪ್ಪನವ್ರ,’ ಎಂದ ಶರಣಯ್ಯ, ‘ಹೈದರಾಬಾದಿನ ಮಂದಿ ನಿಮ್ಮ ಲಾರಿ ನೋಡಾಕ ಬರತಾರೇನು? ಧೂಳಿನಾಗ ಹೊಳಿ ಹೆಂಗ ಕಾಣಬೇಕು?’

‘ಬರೂ ಮಂದಿ ಅತ್ಲಾಗಿರಲಿ, ನಿಮ್ಮ ಲಾಡ್ಜಿಗೇ ಯಾರೂ ಬರವಲ್ರು. ತಗಣಿ ಅಷ್ಟ ಬಂದು ಉಳೀತಾವ.’

‘ನಿಮ್ಮ ಗಿರಣಿ ಅಕ್ಕ್ಯಾಗಿನ ಉಸುಕು ಸಾಲವಲ್ದೇನು? ಅದನ್ನ ಸೋಸಿದ್ರ ಮಾನ್ವ್ಯಾಗ ನಾಕು ಮಾಳಿಗಿ ಏಳತಾವ. ಹೊಳಿಗ್ಯಾಕ ಬಂದ್ರಿ?’

‘ಉಸುಕು ಮನಿ ಕಟ್ಟಾಕ ಬೇಕ್ರಿ, ಮಕ್ಕೊಳ್ಳಾಕಲ್ಲ!’

ಜನ ನಗುತ್ತಿದ್ದರು. ಸಾಹೇಬರೂ ಮೀಸೆಯಲ್ಲಿ ನಕ್ಕು, ಎರಡೂ ಪಂಚನಾಮೆಗಳನ್ನು ತೆಗೆದು ಗಟ್ಟಿಯಾಗಿ ಓದಿದರು. ತಂಡೋಪತಂಡ ಬಂದಾಗ ನಗು, ಮೊಸಳೆ ಬಂದಾಗ ಇನ್ನೂ ಜೋರು ನಗು. ನಾನು ಕೂಡ ನಕ್ಕೆ, ಸುಳ್ಳೇಕೆ. ಆಮೇಲೆ ಅವರು ಕೊನೆಯ ಸಾಲು ಓದಿದರು. ಎರಡನೆಯ ಸಲವೂ ಅದನ್ನೇ ಓದಿದಾಗ ನಗು ಒಬ್ಬೊಬ್ಬರ ಬಾಯಲ್ಲೇ ನಿಂತಿತು. ಉರುಕುಂದಪ್ಪನಿಗೆ ತಾನು ಏನಕ್ಕೆ ಸಹಿ ಹಾಕಿದ್ದೆ ಎಂದು ಮೊದಲ ಸಲ ಕೇಳಿಸಿದ್ದು ಅಲ್ಲಿ, ಅಕ್ಕನ ಎದುರು.

‘ತಾನಾಗಿ ಹುಟ್ಟಿದ ಬಳ್ಳಿಗಳು,’ ಎಂದರು ಸಾಹೇಬರು, ತಡಿಕೆಯನ್ನು ನೋಡುತ್ತ. ‘ತಾನಾಗಿ ತಡಿಕೆಯನ್ನೂ ಕಟ್ಟಿಕೊಂಡಿವೆ. ಎರಡು ಕಾಗದ ಒಂದಕ್ಕೊಂದು ಎಲ್ಲದರಲ್ಲೂ ತದ್ವಿರುದ್ಧ. ಇಲ್ಲಿ ಯಾರ ಸಾಗುವಳಿಯೂ ಇಲ್ಲ ಎಂಬುದರಲ್ಲಿ ಮಾತ್ರ ಒಪ್ಪುತ್ತವೆ. ಸಹಿ ಒಬ್ಬನದೇ. ಯಾರು ಉರುಕುಂದಪ್ಪ?’

ಅವನು ಮುಂದೆ ಬಂದ.

‘ನೋಡಪ್ಪ, ನೀನು ಓದದೆ ಸಹಿ ಮಾಡಿದ್ದರೆ ಈಗಲೇ ಹೇಳು. ಎರಡನ್ನೂ ಹರಿದು ಹಾಕಿ, ಈ ಹೆಣ್ಣುಮಗಳ ಸಾಗುವಳಿ ಹಳೆಯದೆಂದು ಬರೆದುಕೊಳ್ಳುತ್ತೇನೆ. ನಿನಗೆ ಶಿಕ್ಷೆಯೇನೂ ಇಲ್ಲ. ಓದಿಯೇ ಮಾಡಿದ್ದರೆ ಈ ಬಳ್ಳಿ ಈ ವರ್ಷ ಹೊಸದಾಗಿ ಹಾಕಿದ್ದು ಎಂದಾಗುತ್ತದೆ, ಇವಳಿಗೆ ಹಕ್ಕು ಉಳಿಯುವುದಿಲ್ಲ. ಓದಿದ್ದೆಯೋ ಇಲ್ಲವೋ?’

ಇದಕ್ಕಿಂತ ಸುಲಭದ ಪ್ರಶ್ನೆಯನ್ನು ಯಾವ ಸಾಹೇಬರೂ ಯಾರಿಗೂ ಕೇಳಿರಲಾರರು. ಉರುಕುಂದಪ್ಪ ಹುಟ್ಟಿದೂರಿನ ಜನರನ್ನು ನೋಡಿದ. ಅವರ ಪೈಕಿ ಶಾಲೆಗೆ ಹೋದವನು ಅವನೊಬ್ಬನೇ. ಎಳೆಯ ಮಕ್ಕಳಿಗೆ ‘ಉರುಕುಂದಮಾಮನಂಗ ಓದ್ರಲೇ’ ಎಂದು ಬುದ್ಧಿ ಹೇಳುವ ಊರು. ಆಮೇಲೆ ಅವನು ನನ್ನ ಕಡೆ ನೋಡಿದ. ಬಹಳ ಹೊತ್ತು ನೋಡಿದ.

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು: ಸಾಹೇಬರೇ, ತಪ್ಪು ನನ್ನದು, ಓದಲು ಬಿಡದೆ ಅವಸರದಲ್ಲಿ ಸಹಿ ಹಾಕಿಸಿದೆ. ಅವನ ಮಾನವೂ ಉಳಿಯುತ್ತಿತ್ತು, ಅವಳ ಪಟ್ಟಿಯೂ ಉಳಿಯುತ್ತಿತ್ತು. ಹೋದರೆ ಬೇವಿನ ಗಿಡದ ಕೆಳಗಿನ ನನ್ನ ಪೆಟ್ಟಿಗೆ ಹೋಗುತ್ತಿತ್ತು. ಮಾತಿನಲ್ಲಿ ಒಂಟೆಯನ್ನು ಲೋಟದಲ್ಲಿ ಮುಳುಗಿಸಿ ತೋರಿಸಬಲ್ಲ ನಾನು ಬಗ್ಗಿ ಚಪ್ಪಲಿಯೊಳಗಿನ ಉಸುಕನ್ನು ಕೊಡವಿಕೊಂಡೆ.

‘ಓದೀನ್ರಿ ಸಾಹೇಬ್ರ’ ಎಂದ ಉರುಕುಂದಪ್ಪ.

ಸಾಹೇಬರು ಮೂಕಮ್ಮನ ಕಡೆ ತಿರುಗಿದರು. ‘ಏನಮ್ಮ, ನೀನು ಎಷ್ಟು ವರ್ಷದಿಂದ ಇಲ್ಲಿ ಬೆಳೆಯುತ್ತಿದ್ದೀಯ?’

ಅವಳು ತಮ್ಮನನ್ನು ನೋಡಿದಳು. ಅವನು ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ. ಆಚೆ ದಂಡೆಗೆ ಕೇಳುವಂಥ ಅವಳ ದನಿ ಅವತ್ತು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

‘ನಮ್ಮ ತಮ್ಮ ಓದಿದಾಂವ್ರಿ ಯಪ್ಪಾ. ಅಂವ ಓದಿ ಸಹಿ ಮಾಡ್ಯಾನಂದ್ರ ಅದ ಖರೆ ಇರಬೇಕ್ರಿ.’

ಸಾಹೇಬರು ಇನ್ನೊಮ್ಮೆ ಕೇಳಿದರು. ಅವಳು ಅದನ್ನೇ ಹೇಳಿದಳು. ಅವಳೇ ಹಾಗೆಂದ ಮೇಲೆ ಊರಿನ ಹಿರಿಯರ ಮಾತಿಗೆ ಬೆಲೆಯೆಲ್ಲಿ? ಅವರು ಬರೆದುಕೊಂಡರು.

ತೀರ್ಪು ಬಂತು. ಆ ಬೆಳೆ ಮುಗಿಯುವ ತನಕ ಮೂಕಮ್ಮ ಇರಬಹುದು. ಆಮೇಲೆ ದಂಡೆಯ ಮೇಲಿನ ಅರ್ಧ ಶರಣಯ್ಯನಿಗೆ, ಕೆಳಗಿನ ಅರ್ಧ ದೊಡ್ಡಪ್ಪನಿಗೆ. ಆ ಬೇಸಿಗೆಯಲ್ಲೂ ಅವಳು ಎಂದಿನಂತೆ ಬಸ್ಸಿನವರ ಕೈಯಲ್ಲಿ ನನಗೊಂದು ಹಣ್ಣು ಕಳಿಸಿದಳು. ಕೊಯ್ಯಲು ಕೈ ಬರಲಿಲ್ಲ, ಬೇರೆಯವರಿಗೆ ಕೊಡಲೂ ಬರಲಿಲ್ಲ. ಅದು ನನ್ನ ಮನೆಯ ಮೂಲೆಯಲ್ಲೇ ಕೊಳೆತು, ಹೆಂಡತಿಯಿಂದ ನನಗೆ ಬೈಗುಳ ತಿನ್ನಿಸಿತು.

ಉರುಕುಂದಪ್ಪ ಮರುದಿನದಿಂದ ಬೇವಿನ ಗಿಡದ ಕಡೆ ಸುಳಿಯಲಿಲ್ಲ. ಮಾನ್ವಿಯ ಕಡೆ ಗದ್ದೆ ಕೆಲಸಕ್ಕೆ ಹೋಗುತ್ತಿದ್ದಾನೆಂದು ಕೇಳಿದೆ. ದಾರಿಯಲ್ಲಿ ಸಿಕ್ಕರೆ, ‘ಆರಾಮ ಅದೀರೇನ್ರಿ’ ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋಗುತ್ತಿದ್ದ.

ದಂಡೆಯಲ್ಲಿ ಜಗಳ ಮುಂದುವರಿಯಿತು. ಶರಣಯ್ಯ ದಂಡೆಯ ಮೇಲ್ತುದಿಯಲ್ಲಿ, ನೆರೆ ಮುಟ್ಟದ ಎತ್ತರದಲ್ಲಿ ಎರಡು ಕೋಣೆಯ ಬಂಗಲೆ ಕಟ್ಟಿಸಿ, ಸಿಮೆಂಟಿನ ಛತ್ರಿ ನಾಲ್ಕು ನೆಡಿಸಿದ. ಮೂರು ವರ್ಷದಲ್ಲಿ ಬಂದ ಪ್ರವಾಸಿಗರೆಂದರೆ ಒಂದು ಕಾಲೇಜಿನ ತಂಡ, ಮತ್ತೆ ದಾರಿ ತಪ್ಪಿ ಬಂದ ಒಂದು ಮದುವೆ ದಿಬ್ಬಣ. ಕೆಳಗೆ ದೊಡ್ಡಪ್ಪ ಉಸುಕು ತೋಡುತ್ತ ತೋಡುತ್ತ ಎಷ್ಟು ಆಳಕ್ಕೆ ಹೋದನೆಂದರೆ ಇನ್ನೆರಡು ಲಾರಿ ತುಂಬಿಸಿದ್ದರೆ ಪಾತಾಳದವರು ಬಾಡಿಗೆ ಕೇಳುತ್ತಿದ್ದರು. ಮೇಲಿನ ಉಸುಕು ಕೆಳಗಿನ ತಗ್ಗಿಗೆ ಜಾರಿತು. ಬಂಗಲೆಯ ಗೋಡೆ ಬಿರಿಯಿತು. ಎರಡು ಛತ್ರಿ ಮಗುಚಿ ಬಿದ್ದು ದೊಡ್ಡಪ್ಪನ ಪಾಲಿಗೆ ಹೋದವು. ಎಂಬತ್ತೈದರಲ್ಲಿ ಶರಣಯ್ಯ ಮತ್ತೆ ನನ್ನಲ್ಲಿಗೆ ಬಂದ: ‘ಒಂದು ಖಡಕ್ ಅರ್ಜಿ ಬರದು ಕೊಡ್ರಿ, ಆ ಗಿರಣಿಯವನ ಉಸುಕು ಬಂದ್ ಆಗಬೇಕು.’ ಈ ಸಲ ಜಾಗ ನೋಡದೆ ಬರೆಯಬಾರದು ಎನ್ನಿಸಿತು. ಅಷ್ಟು ಬುದ್ಧಿ ಬರಲು ಮೂರು ವರ್ಷ ಬೇಕಾಯಿತು.

ಜಾಲಹಳ್ಳಿಯ ಬಸ್ಸಿನಲ್ಲಿ ಉರುಕುಂದಪ್ಪ ಸಿಕ್ಕ. ಅವನೂ ಊರಿಗೇ ಹೊರಟಿದ್ದ. ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು ಎರಡು ಕಿಟಕಿ ನೋಡಿದೆವು.

ದಂಡೆಯ ಮೇಲೆ ಮಧ್ಯಾಹ್ನದ ಬಿಸಿಲು. ದೊಡ್ಡಪ್ಪನ ಲಾರಿಗೆ ಏಳೆಂಟು ಹೆಂಗಸರು ಬುಟ್ಟಿಯಲ್ಲಿ ಉಸುಕು ಹೊತ್ತು ಹಾಕುತ್ತಿದ್ದರು. ಅವರಲ್ಲಿ ಮೂಕಮ್ಮನೂ ಇದ್ದಳು. ಅವಳು ಹೊರುತ್ತಿದ್ದುದು ತಾನು ಗುಣಿ ತೋಡುತ್ತಿದ್ದ ಜಾಗದ ಉಸುಕನ್ನೇ. ಉರುಕುಂದಪ್ಪ ನೇರ ಅವಳ ಹತ್ತಿರ ಹೋದ. ನಾನು ಹಿಂದೆ ನಿಂತೆ.

‘ಯಕ್ಕಾ,’ ಎಂದ, ‘ನನಗ ಓದಾಕ ಬರಂಗಿಲ್ಲ.’

ಮೂಕಮ್ಮ ಬುಟ್ಟಿ ಇಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

‘ಗೊತ್ತದ.’

‘ಯಾವಾಗಿಂದ?’

‘ನೀ ಸಾಲಿ ಬಿಟ್ಟು ಬಂದಾಗಿಂದ. ಹಲಗಿ ಮ್ಯಾಲ ನಿನ್ನ ಹೆಸರು ಬರದು ತೋರಿಸಿದಿ. ನನ್ನ ಹೆಸರು ಬರಿಯೋ ಅಂದೆ. ಮತ್ತೊಂದು ಬರದು, ಇದು ನಿಂದು ಅಂದಿ. ಎರಡೂ ಒಂದ ನಮೂನಿ ಇದ್ವು. ನನಗೇನು ಕಣ್ಣಿಲ್ಲೇನು?’

‘ಮತ್ತ ಅವತ್ತು ಸಾಹೇಬ್ರ ಮುಂದ ಯಾಕ ಹಂಗಂದಿ ಬೇ?’

‘ಏನನ್ಲಿ ಮತ್ತ? ಅಷ್ಟು ಮಂದಿಯಾಗ ನನ್ನ ತಮ್ಮ ಸುಳ್ಳ ಅದಾನ ಅನ್ಲೇನು? ಹೊಳಿ ದೊಡ್ಡದದ, ಇನ್ನೊಂದ್ ಕಡಿ ಪಟ್ಟಿ ಸಿಕ್ಕೀತು ಅಂದ್ಕೊಂಡೆ. ಎಲ್ಲಾರ್ವೂ ಅವರವರಿಗೇ ಸಾಲವಲ್ವು. ಸಿಗಲಿಲ್ಲ.’

ಅವನು ಅಲ್ಲೇ ಉಸುಕಿನಲ್ಲಿ ಕುಳಿತುಬಿಟ್ಟ. ಐವತ್ತರ ಹತ್ತಿರದ ಗಂಡಸು, ಎರಡು ಕೈಯಲ್ಲಿ ತಲೆ ಹಿಡಿದುಕೊಂಡು. ಮೂಕಮ್ಮ ಅವನ ಹೆಗಲ ಮೇಲೆ ಕೈಯಿಟ್ಟಳು. ‘ಏಳು, ಮಂದಿ ನೋಡತಾರ’ ಎಂದಳು. ಆಮೇಲೆ ಅವನ ತಲೆಯ ಮೇಲಿಂದ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಏನಾದರೂ ಹೇಳಿ ನಗಿಸುತ್ತಿದ್ದೆ.

‘ಅವಗ ಓದಾಕ ಬರಂಗಿಲ್ಲ, ನಾಚಿಕೀಲೆ ಬಾಯಿ ಮುಚ್ಚಿದ,’ ಎಂದಳು. ‘ನಿಮಗ ಬರತಿತ್ತಲ್ರೀ ಮುನ್ಶಿಯವ್ರ?’

ಲಾರಿಯವನು ಹಾರನ್ ಹೊಡೆದ. ಅವಳು ಬುಟ್ಟಿ ಎತ್ತಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಉರುಕುಂದಪ್ಪನೂ ಎದ್ದು, ಖಾಲಿ ಬಿದ್ದಿದ್ದ ಒಂದು ಬುಟ್ಟಿಗೆ ಉಸುಕು ತುಂಬಿ ಅವಳ ಹಿಂದೆ ನಡೆದ. ತಿರುಗಿ ಹೋಗುವ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಆ ಎರಡು ತಾಸು ನಾನು ಬಿರಿದ ಬಂಗಲೆಯ ನೆರಳಿನಲ್ಲಿ ನಿಂತಿದ್ದೆ. ಅಕ್ಕ ತಮ್ಮ ಇಬ್ಬರೂ ನನ್ನ ಮುಂದೆಯೇ ಹೋಗಿ ಬರುತ್ತಿದ್ದರು.